ಆಷಾಢದಲ್ಲಿ ಜಿಗಿದ ಮುಳ್ಳು

ನಾನು ಎಷ್ಟೇ ಗಂಭೀರವಾಗಿ ಒಂದು ಕೆಲಸಕ್ಕೆ ಕೈ ಹಾಕಲಿ, ಅದು ನಾಲ್ಕು ಮಂದಿ ಹೊಟ್ಟೆ ಹಿಡಿದು ನಗುವಲ್ಲಿಗೇ ಬಂದು ನಿಲ್ಲುತ್ತದೆ. ಹಣೆಬರಹಕ್ಕೆ ಹೊಣೆ ಯಾರು? ಐವತ್ತರ ದಶಕದಲ್ಲಿ ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದೆ. ಆಗತಾನೇ ಮದುವೆಯಾಗಿತ್ತು. ಆ ವರ್ಷ ನಮ್ಮೂರಿನಲ್ಲಿ ನಡೆದ ಒಂದು ವಿದ್ವತ್ ಸಮ್ಮೇಳನವನ್ನು ನೆನೆದರೆ ಇಂದಿಗೂ ನಗು ಬರುತ್ತದೆ. ನಗು ಮುಗಿಯುವ ಹೊತ್ತಿಗೆ ಆ ದಿನಗಳು ಮತ್ತೆ ಬೇಕು ಅನಿಸುತ್ತದೆ.

ಖಾಲಿ ಬಿದ್ದ ಮಂಗಲ ಕಾರ್ಯಾಲಯ

ಮನಸ್ಸಿನಲ್ಲಿ ಆಗುವುದು ಮೈಮೇಲೆ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಡಾಕ್ಟರರೂ ಪ್ರಾಧ್ಯಾಪಕರೂ ಕೂಡಿ ಚರ್ಚಿಸುವ ಸಮ್ಮೇಳನ ಅದು. ಯಾವಾಗ ನಡೆಸುವುದೆಂದು ಪ್ರಿನ್ಸಿಪಾಲರನ್ನು ಕೇಳಿದೆ.

"ಆಷಾಢದಾಗ" ಎಂದರು.

"ಶಾಸ್ತ್ರದ ಕೆಲಸಕ್ಕ ಆಷಾಢನ ಯಾಕ್ರಿ?"

"ಲಗ್ನ ಇರೂದಿಲ್ಲ. ಮಂಗಲ ಕಾರ್ಯಾಲಯ ಪುಕ್ಕಟೆ ಸಿಗತದ. ಅಡಗಿಯವರೂ ಖಾಲಿ ಇರ್ತಾರ."

ಖಾಲಿ ಇದ್ದದ್ದು ಕಾರ್ಯಾಲಯ ಒಂದೇ ಅಲ್ಲ, ನನ್ನ ಮನೆಯೂ ಖಾಲಿ. ಹೊಸ ಮದುವಣಗಿತ್ತಿ ಆಷಾಢದಲ್ಲಿ ತವರಿಗೆ ಹೋಗಬೇಕು. ಆ ತಿಂಗಳು ಅತ್ತೆ, ಅಳಿಯ ಒಂದೇ ಹೊಸ್ತಿಲು ದಾಟಬಾರದು. ನನ್ನ ಹೆಂಡತಿ ಇಳಕಲ್ಲಿಗೆ ಹೋಗಿದ್ದಳು. ಆಷಾಢ ಮುಗಿದ ದಿನವೇ ಕರೆತರಬೇಕೆಂದು ನನ್ನ ಆಸೆ. ಅತ್ತೆಯ ಲೆಕ್ಕಾಚಾರ ಬೇರೆ ಇತ್ತು. "ಮೊದಲ ವರ್ಷ ಅದ. ಪಂಚಮಿ ಜೋಕಾಲಿ ಆಡಲಿ, ಮಂಗಳಗೌರಿ ಮುಗೀಲಿ, ಗಣಪತಿನೂ ಆಗಲಿ. ಆಮ್ಯಾಲೆ ಕಳಸ್ತೇನಿ" ಎಂದು ಹೇಳಿ ಕಳಿಸಿದ್ದರು. ಮಾವನವರು ತೀರಿಕೊಂಡ ಮೇಲೆ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ ಇದ್ದವರು.

ಹೋಗುವಾಗ ಅವಳು ಎಣ್ಣೆಯ ಬಾಟಲಿಯನ್ನು ಕನ್ನಡಿಯ ಮುಂದೆಯೇ ಮರೆತು ಹೋಗಿದ್ದಳು. ಅದನ್ನು ಎತ್ತಿಡಲು ನನಗೆ ಮನಸ್ಸಾಗಲಿಲ್ಲ. ಬೆಳಿಗ್ಗೆ ತಲೆ ಬಾಚುವಾಗ ಅದರ ಮುಚ್ಚಳ ತೆಗೆದು ವಾಸನೆ ನೋಡಿ ಮತ್ತೆ ಮುಚ್ಚುತ್ತಿದ್ದೆ.

"ನಿಮ್ಮ ಪ್ರಬಂಧದ ವಿಷಯ ಏನ್ರಿ?" ಎಂದು ಪ್ರಿನ್ಸಿಪಾಲರು ಕೇಳಿದರು.

"ಅಗಲಿಕಿರಿ, ಸರ್."

"ಛಲೋ ಆತು. ಆಷಾಢದಾಗ ಅದೂ ಪುಕ್ಕಟೆ ಸಿಗತದ."

ಹುನಗುಂದದ ಟಗರು

ಕಾಲೇಜಿನಲ್ಲಿ ಒಂದು ಯಂತ್ರವಿತ್ತು. ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಪಟ್ಟಿಗಳನ್ನು ಎರಡು ಬೆರಳಿಗೆ ಸುತ್ತಿ ತಂತಿ ಜೋಡಿಸಬೇಕು. ಒಂದೊಂದೇ ಶಬ್ದ ಹೇಳುತ್ತ ಹೋಗಬೇಕು. ಯಾವ ಶಬ್ದ ಮನಸ್ಸಿಗೆ ತಾಗುತ್ತದೋ ಆಗ ಬೆರಳು ತುಸು ಬೆವರುತ್ತದೆ, ಡಬ್ಬಿಯ ಮುಳ್ಳು ಜಿಗಿಯುತ್ತದೆ. ಅದನ್ನು ಹೊತ್ತುಕೊಂಡು ಹುನಗುಂದಕ್ಕೆ ಹೋದೆ. ಅಲ್ಲಿಯ ದವಾಖಾನೆಯ ಡಾಕ್ಟರು ನನ್ನ ಹೆಂಡತಿಯ ಸೋದರಮಾವ. ಹುನಗುಂದ ಇಳಕಲ್ಲಿನ ದಾರಿಯಲ್ಲಿದೆ ಎಂಬುದಕ್ಕೂ ನನ್ನ ಸಂಶೋಧನೆಗೂ ಸಂಬಂಧವಿಲ್ಲ ಎಂದು ಅವರು ಕೇಳದಿದ್ದರೂ ಹೇಳಿದೆ. ಅವರು ನಕ್ಕರು.

ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಲು ಬಂದಿದ್ದ ಮುದುಕ ಕುರಿಗಾರನನ್ನು ಅವರೇ ಕೂರಿಸಿದರು. "ಹಾವು" ಎಂದೆ. ಮುಳ್ಳು ಮಿಸುಕಲಿಲ್ಲ. "ತೋಳ" ಎಂದೆ, ಇಲ್ಲ. "ಹೆಂಡತಿ" ಎಂದೆ, ಊಹೂಂ. ಡಬ್ಬಿ ಕೆಟ್ಟಿತೆಂದು ನಾನು ತಂತಿ ಬಿಚ್ಚುವಷ್ಟರಲ್ಲಿ ಡಾಕ್ಟರು ಸುಮ್ಮನೆ "ಟಗರು" ಎಂದರು. ಮುಳ್ಳು ಆ ತುದಿಗೆ ಹಾರಿತು.

"ಹೊರಗ ಬೇವಿನ ಗಿಡಕ್ಕ ಕಟ್ಟಿ ಬಂದೇನ್ರಿ" ಎಂದ ಮುದುಕ. "ಬೀರಪ್ಪ ದೇವರಿಗ ಬಿಟ್ಟದ್ದೈತಿ. ಇಲ್ಲಿಂದ ಕಾಣವಲ್ದು."

"ಮತ್ತ ಹೆಂಡ್ತಿ ಅಂದ್ರ ಏನೂ ಆಗಲಿಲ್ಲಲ್ಲೋ?" ಎಂದು ಡಾಕ್ಟರು ಕೇಳಿದರು.

"ಆಕಿ ಇಲ್ಲೇ ಬಾಗಲದಾಗ ನಿಂತಾಳಲ್ರಿ."

ಯಾವುದು ಕಣ್ಣಮುಂದೆ ಇಲ್ಲವೋ ಅದಕ್ಕೇ ಮುಳ್ಳು ಜಿಗಿಯುತ್ತದೆ. ನನ್ನ ಪ್ರಬಂಧ ಅಲ್ಲೇ ಹುಟ್ಟಿತು. ನನಗೆ ಖುಷಿಯೋ ಖುಷಿ. ಬಾಗಿಲಲ್ಲಿದ್ದ ಮುದುಕಿಗೆ ಮಾತ್ರ ಖುಷಿಯಾಗಿರಲಿಲ್ಲ.

"ನಾಳಿಂದ ನಾನೂ ಹೋಗಿ ಬೇವಿನ ಗಿಡದ ಬುಡಕ ನಿಂದರ್ತೇನಿ" ಎಂದಳು. "ಆವಾಗರ ಹಾರತೈತೇನ ನೋಡ್ರಿ."

ಇಳಕಲ್ಲಿನ ಕಿಟಕಿ

ಹುನಗುಂದದವರೆಗೆ ಹೋದವನು ಇಳಕಲ್ಲಿಗೆ ಹೋಗದೆ ಇರುತ್ತೇನೆಯೇ? ಡಾಕ್ಟರನ್ನೂ ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದೆ. ಅತ್ತೆ ನನ್ನನ್ನು ಒಳಗೆ ಕರೆಯಲಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿಸಿದರು. ರೊಟ್ಟಿ, ಎಣ್ಣೆಗಾಯಿ ಪಲ್ಯ ಎದುರು ಮನೆಯವರ ಕೈಯಿಂದಲೇ ಬಂದವು. "ಸಿಟ್ಟಾಗಬ್ಯಾಡ್ರಿ, ಆಷಾಢ" ಎಂದು ಬೀದಿಯ ಆಚೆಯಿಂದಲೇ ಹೇಳಿದರು.

ಹೆಂಡತಿಯ ಬೆರಳಿಗೆ ತಂತಿ ಕಟ್ಟಿ ಪರೀಕ್ಷೆ ಮಾಡಬೇಕೆಂದೆ. ಅತ್ತೆ ಯೋಚನೆಗೆ ಬಿದ್ದರು.

"ನಿಮ್ಮ ತಂತಿ ಹೊಸ್ತಿಲಾ ದಾಟಿದ್ರ ನೀವು ದಾಟಿದಂಗ ಅಲ್ಲೇನು?"

ಓಣಿಯ ಹೆಂಗಸರು ಕೂಡಿ ವಿಚಾರ ಮಾಡಿದರು. ಕಡೆಗೆ ಎದುರು ಮನೆಯ ನೇಕಾರರ ಅಜ್ಜಿ ತೀರ್ಪು ಕೊಟ್ಟಳು: "ಹೊಸ್ತಿಲಕ್ಕ ಶಾಸ್ತ್ರ ಐತಿ. ಕಿಟಕಿಗೆ ಯಾವ ಶಾಸ್ತ್ರಾನೂ ಇಲ್ಲ."

ಕಿಟಕಿಗೆ ಒಂದು ಸೀರೆ ಇಳಿಬಿಟ್ಟು, ಅದರ ಕೆಳಗಿನಿಂದ ತಂತಿ ಹಾಯಿಸಿದರು. ಒಳಗೆ ಡಾಕ್ಟರು ಪಟ್ಟಿ ಸುತ್ತಿದರು. ಹೊರಗೆ, ಕಿಟಕಿಯ ಕೆಳಗೆ, ನಾನು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆ. "ಮಗ್ಗ" ಎಂದೆ. "ಸಕ್ಕರಿ" ಎಂದೆ. ಮುಳ್ಳು ಸುಮ್ಮನಿತ್ತು. ಗಂಟಲು ಸರಿಮಾಡಿಕೊಂಡು "ಬಾಗಲಕೋಟಿ" ಎಂದೆ. ಮುಳ್ಳು ಹಾರಿ ತುದಿಯಲ್ಲಿ ನಿಂತು ನಡುಗಿತು. ಒಳಗೆ ಬಳೆ ಸದ್ದಾಯಿತು. ನನ್ನ ಕಣ್ಣು ತುಂಬಿ ಬಂತು. ಅವಳೂ ನನ್ನ ಹಾಗೆಯೇ ದಿನ ದೂಡುತ್ತಿದ್ದಾಳೆ ಎಂದುಕೊಂಡೆ. ಖಾತ್ರಿಗಾಗಿ ಮತ್ತೊಮ್ಮೆ ಎಂದೆ, ಮತ್ತೂ ಒಮ್ಮೆ ಎಂದೆ. ಪ್ರತಿ ಸಲವೂ ಹಾರಿತು. ಆ ಕಿಟಕಿಯ ಹಿಂದೆ ಈಗ ಬೇರೆ ಯಾರೋ ಇದ್ದಾರೆ. ಆದರೂ ಇಳಕಲ್ಲಿಗೆ ಹೋದಾಗ ಆ ಓಣಿಯಲ್ಲಿ ಹಾದು ಬರದೆ ನನಗೆ ಸಮಾಧಾನವಿಲ್ಲ.

"ಸಾಕ ಮಾಡ್ರಿ, ಸಾಹೇಬ್ರ" ಎಂದಳು ಅಜ್ಜಿ. "ಊರ ಹೆಸರಿಗೆ ಇಷ್ಟ ಬೆವತ್ರ ಸೀರಿ ಬಣ್ಣ ಬಿಟ್ಟೀತು."

ಬಾದಾಮಿಯಲ್ಲಿ ಹೋದ ಪೇಟಾ

ಸಮ್ಮೇಳನದ ಹಿಂದಿನ ದಿನ ಅತಿಥಿಗಳಿಗೆ ಬಾದಾಮಿ ತೋರಿಸುವುದೆಂದಾಯಿತು. ಅಧ್ಯಕ್ಷರು ಹಿರಿಯ ಪ್ರಾಧ್ಯಾಪಕರು, ತಲೆಗೆ ಜರಿಯ ಪೇಟಾ. ಉಸಿರಿನ ಮೇಲೆ ಹಿಡಿತವಿದ್ದರೆ ಮನಸ್ಸು ಯಾವುದಕ್ಕೂ ಅಲುಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಗುಹೆಯ ಮೆಟ್ಟಿಲು ಹತ್ತುವಾಗಲೂ ಅದನ್ನೇ ವಿವರಿಸುತ್ತಿದ್ದರು. ಆಗ ಒಂದು ಮಂಗ ಮೇಲಿನಿಂದ ಕೈ ಚಾಚಿ ಪೇಟಾ ಎತ್ತಿಕೊಂಡಿತು. ಅಧ್ಯಕ್ಷರು ಕೋಲು ಬೀಸುತ್ತ, ಕೂಗುತ್ತ ಅದರ ಹಿಂದೆ ಓಡಿದರು. ಮಂಗ ಎತ್ತರದ ಬಂಡೆ ಏರಿ, ಪೇಟಾ ತಲೆಗಿಟ್ಟುಕೊಂಡು, ಕಣ್ಣು ಮುಚ್ಚಿ ಕೂತಿತು.

ಏದುಸಿರು ಬಿಡುತ್ತ ಕುಸಿದ ಅಧ್ಯಕ್ಷರ ನಾಡಿ ಹಿಡಿದು ನೋಡಿದ, ಸಮ್ಮೇಳನಕ್ಕೆಂದು ಬಂದಿದ್ದ ನಮ್ಮ ಹುನಗುಂದದ ಡಾಕ್ಟರು, ಬಂಡೆಯ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಕೇಳಿದರು: "ಶಾಂತಿ ಅನ್ನೂದು ಪೇಟಾದಾಗಿತ್ತೇನ್ರಿ?"

ಸಾಕ್ಷಿ

ಮರುದಿನ ನಾನು ಪ್ರಬಂಧ ಓದಿದೆ. ಟಗರಿನ ಕಥೆಗೆ ಜನ ನಕ್ಕರು. ಇಳಕಲ್ಲಿನ ಕಿಟಕಿಯ ಭಾಗಕ್ಕೆ ಬಂದಾಗ ಹಿಂದಿನ ಸಾಲಿನವರೂ ಮುಂದಕ್ಕೆ ಬಾಗಿ ಕೂತರು. ತವರಿನಲ್ಲಿರುವ ನವವಧುವಿನ ಬೆರಳು ಗಂಡನ ಊರಿನ ಹೆಸರಿಗೆ ಹೇಗೆ ಬೆವರಿತು ಎಂಬುದನ್ನು ದನಿ ನಡುಗಿಸುತ್ತ ಓದಿದೆ.

ಬರಿದಲೆಯ ಅಧ್ಯಕ್ಷರು ಕೇಳಿದರು: "ನೀವು ಹೊರಗ ಕೂತಿದ್ರಿ. ಒಳಗಿದ್ದ ಬೆರಳು ಆಕೀವ ಅನ್ನೂದಕ್ಕ ಸಾಕ್ಷಿ ಏನು?"

ನಾನು ಎದೆ ಉಬ್ಬಿಸಿ, "ಪಟ್ಟಿ ಕಟ್ಟಿದ ಡಾಕ್ಟರು ಇಲ್ಲೇ ಕೂತಾರ, ಕೇಳ್ರಿ" ಎಂದೆ.

ಡಾಕ್ಟರು ಕೋಟಿನ ಗುಂಡಿ ತಿರುವಿದರು. ಆಮೇಲೆ ಎದ್ದು ನಿಂತರು. "ಯಾರಿಗೂ ಹೇಳಬ್ಯಾಡ ಅಂತ ಅಕ್ಕ ಆಣಿ ಹಾಕಿಸಿದ್ಲು. ಆದ್ರ ಸಭಾದಾಗ ಸುಳ್ಳು ಹ್ಯಾಂಗ ಹೇಳಲಿ? ಕರೆಂಟ ಹೊಡದೀತು ಅಂತ ಅಂಜಿ, ಮಗಳ ಕೈ ಸರಿಸಿ ತಾನ ಬೆರಳ ಕೊಟ್ಲು. ಅವು ಇವರ ಅತ್ತೀ ಬೆರಳ್ರಿ."

ಕಾರ್ಯಾಲಯ ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ಅಧ್ಯಕ್ಷರು, "ಅತ್ತಿಯವರಿಗೆ ಬಾಗಲಕೋಟಿ ಅಂದ್ರ ಯಾಕ ಬೆವರು?" ಎಂದರು.

"ಇದ್ದೊಬ್ಬ ಮಗಳು ಹೋಗೂ ಊರಲ್ರಿ ಅದು" ಎಂದರು ಡಾಕ್ಟರು.

ಯಾರೂ ನಗಲಿಲ್ಲ. ನನಗೂ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಗಲಿಕೆ ನನ್ನೊಬ್ಬನದೇ ಸೊತ್ತು ಎಂದುಕೊಂಡಿದ್ದೆ.

ಪರೀಕ್ಷೆ ಇಲ್ಲೇ ಆಗಲಿ ಎಂದು ಅಧ್ಯಕ್ಷರು ನನ್ನ ಬೆರಳಿಗೇ ತಂತಿ ಕಟ್ಟಿಸಿದರು. "ಇಳಕಲ್ಲ" ಎಂದರು. ಮುಳ್ಳು ಹಾರಿತು, ಕೆಳಗೆ ಇಳಿಯಲೇ ಇಲ್ಲ. ಮನಸ್ಸಿಗೆ ಶಾಂತಿ ಕೊಡುವ ಶಬ್ದವೊಂದು ಇರಲಿ ಎಂದು "ಗಣಪತಿ" ಎಂದರು. ಮುಳ್ಳು ತುದಿಗೆ ಬಡಿದು ಸಿಕ್ಕಿಕೊಂಡಿತು.

"ಇಂಥಾ ದೈವಭಕ್ತಿ ನಾ ಎಲ್ಲೂ ನೋಡಿಲ್ಲ" ಎಂದು ಅಧ್ಯಕ್ಷರು ಕೈ ಮುಗಿದರು. ಅತ್ತೆ ಹಾಕಿದ ಗಡುವು ಅವರಿಗೇನು ಗೊತ್ತು?

ಡಾಕ್ಟರು ಈ ಸುದ್ದಿಯನ್ನೆಲ್ಲ ಇಳಕಲ್ಲಿಗೆ ಮುಟ್ಟಿಸಿದರು. ಶ್ರಾವಣದ ಮೊದಲ ದಿನ ನಮ್ಮ ಮನೆಯ ಮುಂದೆ ಟಾಂಗಾ ನಿಂತಿತು. ಹೆಂಡತಿ ಇಳಿದಳು. ನಾನು ಅಂಗಳಕ್ಕೆ ಓಡಿದೆ. ಅವಳ ಹಿಂದೆ ಟ್ರಂಕು ಇಳಿಯಿತು, ಉಂಡೆಯ ಡಬ್ಬಿ ಇಳಿಯಿತು, ಜೋಕಾಲಿಯ ಹಗ್ಗ ಇಳಿಯಿತು. ಕಡೆಗೆ ಅತ್ತೆ ಇಳಿದರು.

"ನಿಮ್ಮ ಮುಳ್ಳೂ ಹಾರತದ, ನನ್ನ ಮುಳ್ಳೂ ಹಾರತದ ಅಂತ ನಮ್ಮ ತಮ್ಮ ಹೇಳಿದ" ಎಂದರು. "ಎಲ್ಲಾರೂ ಒಂದ ಮನ್ಯಾಗ ಇದ್ರ ಯಾರೂ ಬೆವರೂದು ಬ್ಯಾಡಲ್ಲ. ಇನ್ನ ನಾ ಇಲ್ಲೇ ಇರ್ತೇನಿ."

ಬಲಗಾಲಿಟ್ಟು ಹೊಸ್ತಿಲು ದಾಟಿ ಒಳಗೆ ನಡೆದರು. ನಾನು ಗೋಡೆಯ ಪಂಚಾಂಗ ಇಳಿಸಿ, ಮುಂದಿನ ಆಷಾಢ ಎಷ್ಟು ದೂರ ಎಂದು ಹುಡುಕತೊಡಗಿದೆ. ಹೆಂಡತಿ ಹಿಂದಿನಿಂದ ಬಂದು ಕಿವಿಯಲ್ಲಿ ಹೇಳಿದಳು:

"ಹುಡುಕಬ್ಯಾಡ್ರಿ. ಆ ಪದ್ಧತಿ ಲಗ್ನದ ಮೊದಲ ವರ್ಷಕ್ಕಷ್ಟ."