ವಿಲಿಕೆಸಾ ‘ಇಲ್ಲ’ ಎಂದ ದಿನ

ವಿಲಿಕೆಸಾ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಬಸ್ಸು ಓಡಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮಗಳ ಕಲಾಕೃತಿ ಮ್ಯೂಸಿಯಂ ಸೇರಿದ ಮೇಲೆ ಯಾವ ಅಪ್ಪನ ಬಾಯಿ ಸುಮ್ಮನಿರುತ್ತದೆ? ಫಿಜಿಯ ನಸಿನುವಿನಿಂದ ಸುವಾ ಮಾರುಕಟ್ಟೆಯವರೆಗೆ ಬಸ್ಸು ಹತ್ತಿದವರಿಗೆಲ್ಲ ಸಾರಿದ್ದೇ ಸಾರಿದ್ದು.

“ನಮ್ಮ ಸಲನಿಯೆಟಾ ಮಾಡಿದ ಕಲೆ ಮ್ಯೂಸಿಯಂನಲ್ಲಿದೆ! ಸಿಡ್ನಿ ಮ್ಯೂಸಿಯಂನವರು ನೋಡೋಕೆ ಬರ್ತಿದ್ದಾರೆ. ಅವರು ಒಪ್ಪಿದ್ರೆ ಸೀದಾ ಸಿಡ್ನಿಗೇ ಹೋಗುತ್ತೆ. ನೀವೂ ಬನ್ನಿ!”

ಕಲೆ ಎಂದರೆ ವಿಲಿಕೆಸಾನ ಮನೆಯ ಸಾಮಾನೇ. ಕೆಟಲ್, ಹಬ್ಬದ ಹಂಡೆ, ತುರಿಮಣೆ, ಚಾಪೆ, ದಿಂಬು, ರೇಡಿಯೊ, ಎಲ್ಲವನ್ನೂ ಸಲನಿಯೆಟಾ ಮ್ಯೂಸಿಯಂನ ಒಂದು ಕೋಣೆಯಲ್ಲಿ ಸೂರಿಗೆ ದಾರ ಕಟ್ಟಿ ತೂಗುಬಿಟ್ಟಿದ್ದಳು. ಹೆಸರಿನ ಹಲಗೆಗೆ ಬಟ್ಟೆ ಮುಚ್ಚಿತ್ತು. ಬಸ್ಸು ನಿಲ್ಲಿಸಿ ನೋಡಲು ಬಂದ ವಿಲಿಕೆಸಾನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಮಸಿ ಹಿಡಿದ ತನ್ನ ಕೆಟಲ್ಲಿನ ಮೇಲೆ ಮದುಮಗಳಿಗೆ ಬಿಟ್ಟಂತೆ ಬೆಳಕು ಬಿಟ್ಟಿದ್ದು ನೋಡಿ ಕಣ್ಣು ತುಂಬಿ ಬಂತು.

“ಅಪ್ಪಾ, ನಾನು ಅವರನ್ನ ಕರ್ಕೊಂಡು ಬರ್ತೀನಿ. ನೀನು ಮನೇಲಿ ಕೂತ ಹಾಗೆ ಇಲ್ಲಿ ಕೂತಿರು,” ಎಂದು ಮಗಳು ವಿಮಾನ ನಿಲ್ದಾಣಕ್ಕೆ ಹೊರಟಳು. ವಿಲಿಕೆಸಾ ಬ್ಯಾಂಕಿನ ಕಾವಲುಗಾರನಂತೆ ಬಾಗಿಲಲ್ಲಿ ಕೂತ.

ಮೊದಲು ಬಂದವನು ಭಾವ ಎಪರಾಮಾ. ಕೋಣೆಯನ್ನೆಲ್ಲ ಸುತ್ತಿ, ಕೆಟಲ್ಲಿನ ಕೆಳಗೆ ನಿಂತು, ಮೆಲ್ಲಗೆ “ಕೆರೆಕೆರೆ, ಭಾವ” ಎಂದ.

ಈ ಕೆರೆಕೆರೆಯನ್ನು ನಮ್ಮ ಕಿರಿಕಿರಿ ಎಂದುಕೊಳ್ಳಬೇಡಿ, ಕೊನೆಗೆ ಅದೂ ಆಗುತ್ತದೆ ಎನ್ನುವುದು ಬೇರೆ ಮಾತು. ಫಿಜಿಯಲ್ಲಿ ನೆಂಟರು ಈ ಮಾತು ಹೇಳಿ ಏನು ಕೇಳಿದರೂ ಕೊಡಲೇಬೇಕು. ವಿಲಿಕೆಸಾ ಅಂತೂ ಹುಟ್ಟಿದಾಗಿನಿಂದ ಇಲ್ಲ ಎಂದವನಲ್ಲ. ಹೋದ ವರ್ಷ ಯಾರೋ ಕೇಳಿದರೆಂದು ಮೈಮೇಲಿನ ಅಂಗಿ ಬಿಚ್ಚಿಕೊಟ್ಟು, ಬನಿಯನ್ನಿನಲ್ಲೇ ಮದುವೆ ಊಟ ಮಾಡಿ ಬಂದಿದ್ದ. ಆದರೆ ಇಂದು ಒಂದು ಕೆಟಲ್ ಇಳಿದರೆ ಮಗಳ ಸಿಡ್ನಿಯೂ ಇಳಿದಂತೆಯೇ.

“ಕೊಡಬಹುದಿತ್ತು ಭಾವ. ತೂತಾಗಿದೆ,” ಎಂದ ವಿಲಿಕೆಸಾ.

“ತೂತು ಕೆಟಲ್ ಸಿಡ್ನಿಯವರಿಗೆ ತೋರಿಸ್ತೀಯಾ?”

“ತೂತೇ ಕಲೆ, ಭಾವ!”

ಅಷ್ಟರಲ್ಲಿ ಅಕ್ಕ ಲೊಸಲಿನಿ ಚರ್ಚಿನ ಹೆಂಗಸರ ದಂಡು ಕಟ್ಟಿಕೊಂಡು ಬಂದಳು. “ವಿಲಿ, ಆ ಹಂಡೆ ಇಳಿಸು. ಭಾನುವಾರದ ಊಟಕ್ಕೆ ಬೇಕು. ಕೆರೆಕೆರೆ.”

“ಮುಟ್ಟಬೇಡ ಅಕ್ಕಾ! ಕರೆಂಟ್ ಬಿಟ್ಟಿದ್ದಾರೆ!”

“ಹಂಡೆಗೆ?”

“ಕಳ್ಳರ ಕಾಟ...”

“ಯಾರೋ ಕಳ್ಳರು? ನಾನಾ?”

ಅಕ್ಕನ ಮಗ ಕಿಟಿಯೋನೆ ಈ ಮಾತುಕತೆಗೆ ಕಾಯಲೂ ಇಲ್ಲ. ಸೋದರಮಾವನ ಸಾಮಾನು ತೆಗೆದುಕೊಳ್ಳಲು ಸೋದರಳಿಯ ಅಲ್ಲಿ ಕೇಳಬೇಕಾಗಿಯೇ ಇಲ್ಲ. ಆರಾಮಾಗಿ ರೇಡಿಯೊದ ಗಂಟು ಬಿಚ್ಚತೊಡಗಿದ. ವಿಲಿಕೆಸಾ ಹಾರಿ ಹೋಗಿ ರೇಡಿಯೊ ತಬ್ಬಿಕೊಂಡ. ಮಾವ, ಅಳಿಯ, ರೇಡಿಯೊ ಮೂರೂ ಒಟ್ಟಿಗೆ ತೂಗಾಡಿದವು.

“ಬಿಡು ಮಾವ, ರಗ್ಬಿ ಕೇಳ್ಕೊಂಡು ತಂದ್ಕೊಡ್ತೀನಿ.”

“ಇಲ್ಲ! ಕೊಡಲ್ಲ!”

ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಇಲ್ಲ ಅಂದ್ಯಾ? ನಮ್ಮಪ್ಪ ಸಾಯೋವಾಗ್ಲೂ ತಲೆ ಕೆಳಗಿನ ದಿಂಬು ತೆಗೆದುಕೊಟ್ಟು ಸತ್ತ ಕಣೋ! ನಿನ್ನನ್ನ ಆಸ್ಪತ್ರೇಲೇ ಬದಲಾಯಿಸಿರಬೇಕು!”

ವಿಲಿಕೆಸಾನಿಗೆ ಅಳುವೇ ಬಂತು. ಆದರೂ ಕದಲಲಿಲ್ಲ. ಮಗಳಿಗಾಗಿ ತನ್ನ ಮಾನ ಹೋದರೆ ಹೋಗಲಿ ಎಂದು ರೇಡಿಯೊವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಅಷ್ಟರಲ್ಲಿ ಸಿಡ್ನಿಯ ಹೆಂಗಸು ಮತ್ತು ಪತ್ರಿಕೆಯವನೊಬ್ಬನ ಜೊತೆ ಸಲನಿಯೆಟಾ ಒಳಗೆ ಬಂದಳು.

“ನೋಡು ಮಗಳೇ! ಒಂದು ಚಮಚ ಕೂಡ ಹೋಗಿಲ್ಲ!” ವಿಲಿಕೆಸಾ ಎದೆಯುಬ್ಬಿಸಿದ.

ಮಗಳ ಮುಖ ಬಿಳಿಚಿತು. ಹಲಗೆಯ ಬಟ್ಟೆ ಸರಿಸಿದಳು. ಅಲ್ಲಿ ‘ಕೆರೆಕೆರೆ’ ಎಂದು ಬರೆದಿತ್ತು.

“ಅಪ್ಪಾ! ನೆಂಟರು ಕೇಳ್ತಾ ಹೋಗ್ಬೇಕು, ನೀನು ಕೊಡ್ತಾ ಹೋಗ್ಬೇಕು. ಇವರು ಬರೋ ಹೊತ್ತಿಗೆ ಬರೀ ದಾರ ಉಳೀಬೇಕು. ಅದೇ ಕಣಪ್ಪಾ ಕಲೆ! ಮೊದಲೇ ಹೇಳಿದ್ರೆ ನಾಟಕ ಆಗುತ್ತೆ ಅಂತ ಹೇಳಲಿಲ್ಲ. ನೀನು ಇಲ್ಲ ಅಂತೀಯ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ!”

ನೆಂಟರಿಗೆ ಇದರಲ್ಲಿ ಒಂದೇ ಮಾತು ಕಿವಿಗೆ ಬಿದ್ದಿತ್ತು. “ಹಾಗಾದ್ರೆ ತಗೋಬಹುದು ಅನ್ನಿ!” ಎಂದಳು ಅಕ್ಕ. ಹಂಡೆ ಇಳಿಯಿತು, ಚಾಪೆ ಸುತ್ತಿಕೊಂಡಿತು, ರೇಡಿಯೊ ಅಳಿಯನ ಹೆಗಲೇರಿತು.

ನಡೆದದ್ದನ್ನೆಲ್ಲ ಕೇಳಿದ ಸಿಡ್ನಿಯ ಹೆಂಗಸು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಜೀವಮಾನದಲ್ಲಿ ಇಲ್ಲ ಅನ್ನದವರು ಮಗಳಿಗೋಸ್ಕರ ಅಂದುಬಿಟ್ರಾ? ಇದು ಸಿಡ್ನಿಗೆ ಬರಲೇಬೇಕು. ಹಲಗೆ ಮೇಲೆ ಅವರನ್ನೂ ಸೇರಿಸಿ.”

ಸಲನಿಯೆಟಾ ಅಪ್ಪನನ್ನು ಅಪ್ಪಿಕೊಂಡಳು. ಆಮೇಲೆ ಹಲಗೆಯ ಕೆಳಗೆ ದಪ್ಪಕ್ಷರದಲ್ಲಿ ಬರೆದಳು: ‘ಬಳಸಿದ ವಸ್ತುಗಳು: ಕೆಟಲ್, ಹಂಡೆ, ಚಾಪೆ, ರೇಡಿಯೊ ಮತ್ತು ಏನನ್ನೂ ಕೊಡದ ಅಪ್ಪ.’

ಪತ್ರಿಕೆಯವನು ಕ್ಯಾಮೆರಾ ಎತ್ತಿದ. ಕೋಣೆಯಲ್ಲಿ ದಾರಗಳಷ್ಟೇ ಉಳಿದಿದ್ದವು. ವಿಲಿಕೆಸಾ ಮಗಳ ಹೆಗಲ ಮೇಲೆ ಕೈ ಹಾಕಿ, ಹಲಗೆಯ ಪಕ್ಕ ಹೆಮ್ಮೆಯಿಂದ ನಿಂತ. ಎಪರಾಮಾ ಕೆಟಲನ್ನು ಕಂಕುಳಲ್ಲಿ ಇರುಕಿಕೊಂಡು, ಹಲಗೆಯನ್ನು ಗಟ್ಟಿಯಾಗಿ ಓದಿ, “ಸರಿಯಾಗೇ ಬರೆದಿದ್ದಾರೆ. ಮಹಾ ಜಿಪುಣ!” ಎನ್ನುತ್ತ ಮೆಟ್ಟಿಲಿಳಿದು ಹೋದ.