ಅತ್ತೆಯನ್ನು ಕಟ್ಟಿ ನಿಲ್ಲಿಸಿದ ಸೊಸೆ

ಆಗೋದೆಲ್ಲ ನಮ್ಮನೇಲೇ ಆಗಬೇಕಾ ಅಂತ ಒಂದು ಸಲ ದೇವರ ಮುಂದೆ ನಿಂತು ಕೇಳಿದ್ದೆ. ಉತ್ತರ ಬರಲಿಲ್ಲ, ಇನ್ನೊಂದು ಆಯ್ತು.

ಶಿಕಾರಿಪುರದಲ್ಲಿ ನಮ್ಮದು ಸಣ್ಣ ಮನೆ. ಮುಂದಿನ ಕೋಣೇಲಿ ನನ್ನ ಹೊಲಿಗೆ ಮಿಷನ್ನು, ಬ್ಲೌಸ್ ಹೊಲಿಸೋಕೆ ಬರೋ ಹೆಂಗಸರು. ಅದೇ ಕೋಣೇಲಿ ಅತ್ತೆಯ ಮಂಚ. ಯಜಮಾನ್ರು ಬೆಳಗ್ಗೆ ಮಂಡಿಗೆ ಹೋದ್ರೆ ಸಂಜೆವರೆಗೆ ಈ ಕಡೆ ತಲೆ ಹಾಕಲ್ಲ.

ಅತ್ತೆಗೆ ಲಕ್ವ ಹೊಡೆದು ಎಡಭಾಗ ಸೋತುಹೋಯ್ತು. ಬಾಯಿಗೆ ಏನೂ ಆಗಲಿಲ್ಲ. ಮಲಗಿದಲ್ಲೇ ಮಲಗಿ ಮೊಣಕಾಲು ಮಡಚಿಕೊಳ್ಳೋಕೆ ಶುರುವಾಯ್ತು. ಬಚ್ಚಲಿಗೆ ನಾನೇ ಎತ್ಕೊಂಡು ಹೋಗಬೇಕು. ಅವರು ದಪ್ಪ ಹೆಂಗಸು, ನನ್ನ ಸೊಂಟ ಏನು ಕಬ್ಬಿಣದ್ದಲ್ಲ. ಒಂದಿನ ಬಚ್ಚಲ ಬಾಗಿಲಲ್ಲಿ ಇಬ್ಬರೂ ಬಿದ್ವಿ. ಅತ್ತೆ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ರು. "ಸಾಯೋದ್ರೊಳಗೆ ಒಂದ್ಸಲ ನನ್ನ ಕಾಲ ಮೇಲೆ ನಾನು ಬಚ್ಚಲಿಗೆ ಹೋದ್ರೆ ಸಾಕವ್ವಾ" ಅಂದ್ರು. ನನಗೂ ಅಳು ಬಂತು. ಆಗ ಬಂದಿದ್ದು ಈ ನಿಲ್ಲಿಸೋ ಯಂತ್ರ.

ನಿಂಬೆಹಣ್ಣು

ಫಿಜಿಯೋಥೆರಪಿ ಮೇಡಂ ಶಿವಮೊಗ್ಗದಿಂದ ಬಾಡಿಗೆಗೆ ಕೊಡಿಸಿದ್ರು. ಕಬ್ಬಿಣದ ಚೌಕಟ್ಟು, ಮೊಣಕಾಲಿಗೆ ದಿಂಬು, ಸೊಂಟಕ್ಕೆ ಅಗಲವಾದ ಬೆಲ್ಟು, ಎದೆಮಟ್ಟಕ್ಕೆ ಒಂದು ಹಲಗೆ. ಬೆಲ್ಟು ಕಟ್ಟಿ ಹಿಡಿಕೆ ಒತ್ತಿದ್ರೆ ಅದೇ ನಿಧಾನಕ್ಕೆ ಎತ್ತಿ ನಿಲ್ಲಿಸ್ತದೆ.

"ದಿನಾ ನಿಲ್ಲಿಸ್ರಿ" ಅಂದ್ರು ಮೇಡಂ. "ಕಾಲು ನೆಟ್ಟಗಾಗ್ತವೆ, ಮೂಳೆಗೆ ಬಲ ಬರ್ತದೆ, ಉಸಿರಾಟ ಸಲೀಸಾಗ್ತದೆ, ಹೊಟ್ಟೆ ಸರಿಯಾಗ್ತದೆ, ಬೆನ್ನಲ್ಲಿ ಹುಣ್ಣಾಗಲ್ಲ. ಬಿಟ್ರೆ ಮಾತ್ರ ಮೊಣಕಾಲು ಹಂಗೇ ಬಿಗಿದುಬಿಡ್ತದೆ. ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ."

ಅತ್ತೆ ಎಲ್ಲಾ ಕೇಳಿಸ್ಕೊಂಡು "ಪೂಜೆ ಆಗೈತಾ ಇದಕ್ಕೆ?" ಅಂದ್ರು. ಆಗಿರಲಿಲ್ಲ. ಅರಿಶಿನ, ಕುಂಕುಮ, ಊದಿನಕಡ್ಡಿ ಎಲ್ಲಾ ಆಯ್ತು. ಕೊನೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡು ಅಂದ್ರು.

ಮೇಡಂ ಗಡಿಯಾರ ನೋಡ್ತಾ ಹೇಳಿದ್ರು. "ಅಮ್ಮಾ, ಇದು ಎಲ್ಲಿಗೂ ಹೋಗಲ್ಲ. ನಿಂತಲ್ಲೇ ನಿಲ್ಲೋದು."

"ಹಂಗಾದ್ರೆ ಚಕ್ರ ಯಾಕೆ ಕೊಟ್ಟಾರೆ?"

ಮೇಡಂ ತಾವೇ ಬಗ್ಗಿ ನಿಂಬೆಹಣ್ಣು ಇಟ್ರು.

ಕೂತ್ಕೊಳ್ರಿ

ನಮ್ಮ ಕಡೆ ದೊಡ್ಡವರು ನಿಂತಿರೋವಾಗ ಸಣ್ಣವರು ಕೂರಲ್ಲ. ಇದು ಒಳ್ಳೇದೇ, ಇಲ್ಲ ಅನ್ನಲ್ಲ. ಆದ್ರೆ ದೊಡ್ಡವರು ದಿನಾ ಅರ್ಧ ಗಂಟೆ ನಿಂತೇ ಇದ್ರೆ?

ಬ್ಲೌಸಿನ ಅಳತೆ ಕೊಡೋಕೆ ಬಂದವರು ಅತ್ತೆ ನಿಂತಿದ್ದು ನೋಡಿ ಗೋಡೆಗೆ ಒತ್ತಿಕೊಂಡು ನಿಲ್ತಿದ್ರು. "ಅಯ್ಯೋ, ನಿಂತೇ ಇದೀರಲ್ಲ, ಕೂತ್ಕೊಳ್ರಿ ಅಜ್ಜಿ" ಅಂತ ಇವರು, "ನೀನು ಕೂತ್ಕೊಳ್ಳವ್ವಾ" ಅಂತ ಅವರು. ಚಹಾ ಕೊಟ್ರೆ ಅದನ್ನೂ ನಿಂತೇ ಕುಡಿಯೋದು. ಒಂದಿನ ಮದುವೆ ಮನೆಯವರು ಗುಂಪಾಗಿ ಬಂದು ಎಲ್ಲರೂ ನಿಂತುಬಿಟ್ರು. ನಾನೊಬ್ಬಳು ಮಿಷನ್ ಮುಂದೆ ಕೂತಿದ್ದೆ. ಅವರಲ್ಲೊಬ್ಬ ಹಿರಿಯರು ನನ್ನನ್ನ ಒಂಥರಾ ನೋಡಿದ್ರು, ನಾನೂ ಎದ್ದು ನಿಂತೆ. ಕೆಲಸ ಅಲ್ಲಿಗೆ ನಿಂತಿತು.

ಅವರೆಲ್ಲ ಹೋದ ಮೇಲೆ ಅತ್ತೆ ಅಂದ್ರು. "ಮಾವನವರ ಮುಂದೆ ನಿಂತೆ, ಭಾವನವರ ಮುಂದೆ ನಿಂತೆ, ಒಲೆ ಮುಂದೆ ನಿಂತೆ. ಕಾಲು ಗಟ್ಟಿ ಇದ್ದಾಗ ಒಬ್ರೂ ಕೂತ್ಕೋ ಅನ್ನಲಿಲ್ಲ. ಈಗ ಕಟ್ಟಿ ನಿಲ್ಲಿಸಿದ ಮೇಲೆ ಊರೆಲ್ಲ ಕೂತ್ಕೋ ಅಂತದೆ."

ಎಣ್ಣೆ

ಬೇಜಾರಾಗದಿರಲಿ ಅಂತ ಯಂತ್ರಾನ ಅಡುಗೆಮನೆ ಕಡೆ ಮುಖ ಮಾಡಿಸಿದೆ. ಅಲ್ಲಿಗೆ ನನ್ನ ನೆಮ್ಮದಿ ಹೋಯ್ತು. ಮಂಚದ ಮೇಲಿದ್ದಾಗ ಅತ್ತೆ ವಾಸನೆ ಹಿಡಿದು ಬೈತಿದ್ರು. ನಿಂತ ಮೇಲೆ ಬಾಣಲೆಯೊಳಗೇ ಕಾಣೋಕೆ ಶುರುವಾಯ್ತು.

"ಅಷ್ಟು ಎಣ್ಣೆ ಯಾಕೆ? ಗಾಣ ಐತಾ ನಿಮ್ಮಪ್ಪಂದು?"

ಉಪ್ಪಿಟ್ಟಿಗೆ ಒಗ್ಗರಣೆ ಹಾಕೋವಾಗ ಬಾಣಲೆ ಕಾಣದಂಗೆ ಅಡ್ಡ ನಿಂತು ಎಣ್ಣೆ ಹಾಕ್ತಿದ್ದೆ. ಮೇಡಂಗೆ ಫೋನ್ ಮಾಡಿ ಹೇಳ್ಕೊಂಡೆ. "ಒಳ್ಳೇ ಲಕ್ಷಣ. ನಿಂತ್ರೆ ಸುತ್ತಮುತ್ತಲಿನ ಆಸಕ್ತಿ ಹೆಚ್ಚಾಗ್ತದೆ" ಅಂದ್ರು. ಆಸಕ್ತಿ ಸಾಕಪ್ಪಾ ಅಂತ ಮುಖಾನ ಬೀದಿ ಕಿಟಕಿ ಕಡೆ ತಿರುಗಿಸಿದೆ.

ಹೊಸಬಾಳೆಯಿಂದ ನಾದಿನಿ

ಕಿಟಕಿ ಸಿಕ್ಕಿದ್ದೇ ತಡ, ಅತ್ತೆ ದಾರೀಲಿ ಹೋಗೋರನ್ನೆಲ್ಲ ಕರೆದು ಮಾತಾಡಿಸೋಕೆ ಶುರು ಮಾಡಿದ್ರು. ಬರೀ ಮಾತಾಡಿದ್ರೆ ಯಾರು ನಿಲ್ತಾರೆ? ಅದಕ್ಕೇ "ನೋಡ್ರವ್ವಾ, ಸೊಸೆ ಹೆಂಗೆ ಕಟ್ಟಿ ಹಾಕ್ಯಾಳೆ" ಅಂತ ಬೆಲ್ಟು ತೋರಿಸೋರು. ಜನ ನಿಲ್ತಿದ್ರು, ಅತ್ತೆಗೆ ಹೊತ್ತು ಹೋಗ್ತಿತ್ತು. ನನ್ನ ಕಡೆ ನೋಡೋ ಜನರ ನೋಟ ಮಾತ್ರ ಬದಲಾಗ್ತಾ ಬಂತು.

ಸುದ್ದಿ ಬಸ್ಸಿಗಿಂತ ಮುಂಚೆ ಸೊರಬ ದಾಟಿ ಹೊಸಬಾಳೆ ಮುಟ್ಟಿತು. ಅಲ್ಲಿಗೆ ಕೊಟ್ಟಿರೋ ನಮ್ಮ ನಾದಿನಿ ಮಾರನೇ ದಿನವೇ ಕಾರು ಮಾಡ್ಕೊಂಡು ಬಂದ್ಲು. ನಾನು ಅತ್ತೆಯನ್ನ ಆಗ ತಾನೇ ಯಂತ್ರದಲ್ಲಿ ನಿಲ್ಲಿಸಿ, ಹಲಗೆ ಮೇಲೆ ಉಪ್ಪಿಟ್ಟಿನ ತಟ್ಟೆ ಇಟ್ಟಿದ್ದೆ. ಕಿಟಕಿ ತುಂಬ ಜನ.

"ಎಂಥದು ಅತ್ತಿಗೆ ಇದು, ದನ ಕಟ್ಟಿದ ಹಂಗೆ?" ಅಂದ್ಲು ನಾದಿನಿ. "ನನ್ನ ತಾಯಿನ ನಾನು ಕರ್ಕೊಂಡು ಹೋಗ್ತೀನಿ."

ನಿಜ ಹೇಳ್ತೀನಿ, ಕರ್ಕೊಂಡು ಹೋಗವ್ವಾ ಅಂತ ನಾಲಿಗೆ ತುದಿಗೆ ಬಂದಿತ್ತು. ನನಗೂ ಸಾಕಾಗಿತ್ತು. ಆದ್ರೆ ಮೊಣಕಾಲು ಈಗಷ್ಟೇ ನೆಟ್ಟಗಾಗ್ತಾ ಇತ್ತು. ಅಲ್ಲಿ ಹೋಗಿ ಮಲಗಿಬಿಟ್ರೆ ಅಷ್ಟೇ, ಮತ್ತೆ ಏಳಲ್ಲ. ಹೇಳೋಕೆ ಹೋದ್ರೆ ಯಾರು ಕೇಳ್ತಾರೆ?

"ನಡಿ ಅಮ್ಮಾ. ನಮ್ಮನೇಲಿ ಹಾಸಿಗೆ ಹಾಸಿ ಬಂದೀನಿ. ಯಾರೂ ನಿಲ್ಲಿಸಲ್ಲ. ಹಾಯಾಗಿ ಮಲಗಿರು."

ಅತ್ತೆ ಉಪ್ಪಿಟ್ಟು ಅಗೀತಾ ಕೇಳಿದ್ರು. "ಬಚ್ಚಲಿಗೆ?"

"ನಾವೆಲ್ಲ ಇದೀವಲ್ಲ, ಎತ್ಕೊಂಡು ಹೋಗ್ತೀವಿ."

ಅತ್ತೆ ಅಗಿಯೋದು ನಿಲ್ಲಿಸಿದ್ರು. ಮಗಳನ್ನ ನೋಡಿದ್ರು, ಕಿಟಕಿ ಜನರನ್ನ ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿ, "ಏನು ನೋಡ್ಕೋತ ನಿಂತಿ? ಬೆಲ್ಟು ಸಡಿಲಾಗೈತೆ, ಬಿಗಿ ಕಟ್ಟು" ಅಂದ್ರು.

ಬಗ್ಗಿ ಬಿಗಿ ಕಟ್ಟಿದೆ. ಕಣ್ಣು ತುಂಬಿ ಬಂದು ಬಕಲ್ಲೇ ಸರಿಯಾಗಿ ಕಾಣಲಿಲ್ಲ. ಅಪವಾದ ಇವತ್ತಿಗೆ ತೊಲಗಿತು ಅನ್ಕೊಂಡೆ.

ಕಿಟಕೀಲಿ ಒಬ್ಬ ಹೆಂಗಸು ಪಕ್ಕದವಳಿಗೆ ಮೆಲ್ಲಗೆ ಅಂದದ್ದು ನನಗೂ ಕೇಳಿಸ್ತು. "ತಾನೇ ಕೇಳಿ ಕಟ್ಟಿಸ್ಕೋತಾಳೆ ನೋಡು. ಸೊಸೆ ಊಟದಾಗೆ ಮದ್ದು ಹಾಕ್ಯಾಳೆ."

ನಾದಿನಿಗೂ ಕೇಳಿಸಿತ್ತು. ಬಂದ ಕೂಡಲೇ ನಾನು ಅವಳ ಕೈಗೆ ಕೊಟ್ಟಿದ್ದ ಉಪ್ಪಿಟ್ಟಿನ ತಟ್ಟೇನ ಮೆಲ್ಲಗೆ ಅತ್ತೆ ಮುಂದಿನ ಹಲಗೆ ಮೇಲಿಟ್ಲು. ಕಾರು ಹತ್ತೋವರೆಗೂ ನಮ್ಮನೇಲಿ ಒಂದು ಲೋಟ ನೀರು ಸಹ ಮುಟ್ಟಲಿಲ್ಲ.

ಅವಳ ತಟ್ಟೆಯನ್ನೂ ಅತ್ತೆಯೇ ಎಳ್ಕೊಂಡು, ನಿಂತೇ ತಿಂದು ಮುಗಿಸಿದ್ರು, ಎಣ್ಣೆ ಜಾಸ್ತಿ ಆಗೈತೆ ಅಂತ ನನ್ನನ್ನ ಬೈಕೋತ.