ಗಾಳಿಯನ್ನೇ ಅಳೆಯಲು ಹೊರಟ ಬೇಳೆ ವ್ಯಾಪಾರಿ

ನಮ್ಮ ಊರಿನ ಗಾಳಿ ‘ಉತ್ತಮ’ವಂತೆ! ದಿನಾ ಬೆಳಿಗ್ಗೆ ಪತ್ರಿಕೆ ಹೀಗೆ ಘೋಷಿಸುತ್ತದೆ. ಇಡೀ ಊರಿಗೆ ಗಾಳಿ ಅಳೆಯುವ ಯಂತ್ರ ಇರುವುದು ಒಂದೇ. ಅದೂ ಪರಿಸರ ಕಚೇರಿಯ ತೋಟದಲ್ಲಿ, ಹೂಗಿಡಗಳ ನಡುವೆ. ಒಂದು ಮೂಟೆಗೆ ಕೈಹಾಕಿ ಇಡೀ ಗೋದಾಮಿಗೆ ದರ ಕಟ್ಟುವ ಪೆದ್ದನನ್ನು ಬೇಳೆಕಾಳಿನ ವ್ಯಾಪಾರಿಯಾದ ನಾನಂತೂ ಕಂಡಿಲ್ಲ. (ಕಂಡಿದ್ದರೆ ಗೋದಾಮನ್ನೇ ಅವನ ತಲೆಗೆ ಕಟ್ಟಿರುತ್ತಿದ್ದೆ.)

ಇತ್ತ ಅಂಗಡಿಯ ಮೇಲಿನ ನಮ್ಮ ಮನೆಯಲ್ಲಿ ಹೆಂಡತಿ ಕೆಮ್ಮಿ ಕೆಮ್ಮಿ ಸೊರಗಿದ್ದಳು.

“ರೀ, ನಾನು ಅಣ್ಣನ ಮನೇಲೇ... ಖೊಖ್... ಇದ್ದುಬಿಡ್ತೀನಿ. ಅಲ್ಲಿ ನಿದ್ದೆನಾದ್ರೂ... ಖೊಖ್ ಖೊಖ್...”

“ನೀನ್ಯಾಕೆ ಮನೆ ಬಿಡಬೇಕು? ಬಿಡಬೇಕಾದ್ದು ಮರದ ದೂಳು ಕಾರೋ ಆ ಎದುರುಗಡೆ ಬಡಗಿಯ ಗರಗಸ!” ಎಂದು ಗುಡುಗಿದೆ.

ಅಂಗೈಯಗಲದ ಗಾಳಿಮಾಪಕವೊಂದನ್ನು ಕೊಂಡುತಂದು ಹಿತ್ತಿಲ ಕಿಟಕಿಗೆ ತೂಗುಹಾಕಿದೆ. (ಬೀದಿಯ ಕಿಟಕಿ ಒಗೆದ ಬಟ್ಟೆಗಳ ಸಾಮ್ರಾಜ್ಯ, ಅಲ್ಲಿ ನನಗೆ ಪ್ರವೇಶವಿಲ್ಲ.) ಗರಗಸ ಕಿರುಚಿದ್ದೇ ತಡ, ಮಾಪಕ ಕೆಂಪೇರಿತು. ಪರಿಸರ ಕಚೇರಿಗೆ ದಂಡಯಾತ್ರೆ ಹೊರಟೆ.

“ಇದಕ್ಕೆಲ್ಲ ಮಾನ್ಯತೆ ಇಲ್ರೀ, ಆಟದ ಸಾಮಾನು” ಎಂದರು ಅಧಿಕಾರಿ.

“ಮಾನ್ಯತೆ ಇರೋ ನಿಮ್ಮ ಯಂತ್ರ ಹೂವಿನ ಗಾಳಿ ಕುಡೀತಿದೆ ಸಾಹೇಬ್ರೇ. ನನ್ನ ಹೆಂಡತಿ ಬೀದಿ ಗಾಳಿ ಕುಡೀತಿದ್ದಾಳೆ. ಬಂದು ಅಳೀರಿ. ಅಲ್ಲಿವರೆಗೂ ಈ ಕುರ್ಚಿ ಬಿಟ್ಟು ಏಳಲ್ಲ!”

ಅದು ಅವರದೇ ಕುರ್ಚಿಯಾಗಿದ್ದರಿಂದ ಬಂದರು.

ತಾವು ತಂದ ಮಾನ್ಯತೆಯ ಪೆಟ್ಟಿಗೆಯನ್ನು ನನ್ನ ಮಾಪಕದ ಪಕ್ಕದಲ್ಲಿಟ್ಟರು. ಎರಡೂ ಕೆಂಪು! ನಾನು ಮೀಸೆ ತಿರುವಿದೆ. ಅಧಿಕಾರಿ ಗರಗಸ ನಿಲ್ಲಿಸಲು ಹೇಳಿದರು. ಬಡಗಿ ನಿಲ್ಲಿಸಿ ಮೇಲೆ ಬಂದ. ಮಾಪಕಗಳ ಸಂಖ್ಯೆ ಕದಲಲಿಲ್ಲ.

“ಅಣ್ಣಾ, ಬೇಕಾದ್ರೆ ಉಸಿರಾಡೋದೂ ನಿಲ್ಲಿಸ್ಲಾ?” ಎಂದ.

ಹೆಂಡತಿ ಕೆಳಗಿಳಿದಳು. ಅಂಗಡಿಯ ಹಿಂದೆ ಕಾಳು ಜರಡಿ ಹಿಡಿಯುವ ಯಂತ್ರವಿದೆ. ದೂಳು ಗಿರಾಕಿಗಳ ಮೇಲೆ ಬೀಳದಿರಲೆಂದು ನಾನೇ, ಮಹಾ ಬುದ್ಧಿವಂತನಂತೆ, ಅದಕ್ಕೆ ಹಿತ್ತಿಲ ಕಡೆಗೆ ಕೊಳವೆ ಹಾಕಿಸಿದ್ದೆ. ಬಡಗಿಯೂ ನಾನೂ ಕೆಲಸ ಶುರುಮಾಡುವುದು ಒಂದೇ ಹೊತ್ತಿಗೆ. ಅವಳು ಆ ಜರಡಿ ಯಂತ್ರ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಎರಡು ಪೆಟ್ಟಿಗೆಗಳ ಸಂಖ್ಯೆಯೂ ಇಳಿಯಿತು, ನನ್ನ ಮೀಸೆಯೂ.

ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ. “ನೋಡಿದ್ರಾ ಸಾಹೇಬ್ರೇ! ನಿಮ್ಮ ತೋಟದ ಯಂತ್ರ ಯಾವತ್ತಾದ್ರೂ ನನ್ನ ಹಿಡೀತಾ? ನಮ್ಮ ಬೀದಿಗೇ ಒಂದು ಯಂತ್ರ ಬೇಕು!”

“ಹಾಕಿ ಸಾರ್” ಎಂದಳು ಹೆಂಡತಿ, “ಇವರ... ಖೊಖ್... ನೆತ್ತಿ ಮೇಲೇ ಹಾಕಿ.”

ನಾನು ಮತ್ತೆರಡು ಸಲ ಆ ಕುರ್ಚಿ ಆಕ್ರಮಿಸಿದ ಮೇಲೆ ನಮ್ಮ ತಾರಸಿಗೇ ಯಂತ್ರ ಬಂತು. ಕೊಳವೆಯ ಬಾಯಿಗೆ ದೂಳು ಹಿಡಿಯುವ ಚೀಲ ಬಿತ್ತು. ಹೆಂಡತಿ ಅಣ್ಣನ ಮನೆಗೆ ಹೋಗಲಿಲ್ಲ, ಕೆಮ್ಮು ಹೋಯಿತು. ಒಂದು ಸಂಜೆ ನನ್ನನ್ನು ಎದುರಿಗೆ ಕೂರಿಸಿಕೊಂಡು, ಕೆಮ್ಮಿನಿಂದಾಗಿ ಬಾಕಿ ಉಳಿದಿದ್ದ ಬೈಗುಳವನ್ನೆಲ್ಲ ಎಲ್ಲಿಯೂ ತಡೆಯದೆ, ನೀರೂ ಕೇಳದೆ, ಸಾದ್ಯಂತ ಒಪ್ಪಿಸಿದಳು.

ಎದುರುತ್ತರ ಕೊಡದೆ ಬಿಡುವವನೇ ನಾನು? ಎದೆಯುಬ್ಬಿಸಿ ಬಾಯಿ ತೆರೆದೆ.

ಕೆಮ್ಮು ಬಂತು, ನನಗೆ.